ಏಳು ನರಹುಲಿ, ಎಂಟು ಅಡಿ ದಾರಿ

ನಮ್ಮ ಜಂಕ್ಷನ್ನಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅದೇ ಕೌಂಟರಿನ ಹಿಂದೆ ನಿಂತು ನಿಂತು ನನ್ನ ತಲೆ ಅರ್ಧ ನರೆತಿದೆ. ಯಾರಾದರೂ ಮಗುವಿನ ಕೈ ಹಿಡಿದುಕೊಂಡು ಬಂದು "ನರಹುಲಿಗೆ ಎಂತಾದರೂ ಉಂಟಾ?" ಎಂದು ಕೇಳಿದರೆ ನನ್ನ ಬಾಯಿ ತನ್ನಷ್ಟಕ್ಕೇ ಓಡತೊಡಗುತ್ತದೆ. ಹೆದರಬೇಡಿ, ಅದೊಂದು ವೈರಸ್. ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಗೀರು ಇದ್ದರೂ ಒಳಗೆ ಹೋಗಿ ಕೂತುಬಿಡುತ್ತದೆ. ಉಗುರು ಕಚ್ಚುವ ಮಕ್ಕಳಿಗೆ ಬೆರಳಿನ ಸುತ್ತಲೇ ಏಳುತ್ತದೆ. ಕೀಳಬೇಡಿ, ಬ್ಲೇಡು ತಾಗಿಸಬೇಡಿ, ಮಗುವಿನ ಕೈ ಒರೆಸುವ ಬೈರಾಸು ಬೇರೆ ಇಡಿ. ಈ ಸಣ್ಣ ಬಾಟ್ಲಿ ತಗೊಳ್ಳಿ, ಸ್ಯಾಲಿಸಿಲಿಕ್ ಆ್ಯಸಿಡ್. ದಿನಾ ಸಂಜೆ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಾದ ಮೇಲಿನ ಚರ್ಮವನ್ನು ಮೆಲ್ಲಗೆ ಉಜ್ಜಿ, ಸುತ್ತಲೂ ಪೆಟ್ರೋಲಿಯಂ ಜೆಲ್ಲಿ ಸವರಿ, ನಡುವೆ ಮಾತ್ರ ಒಂದು ತೊಟ್ಟು ಇಡಿ. ಮೂರು ತಿಂಗಳಾದರೂ ಬೇಕು, ತಾಳ್ಮೆ ಇರಲಿ. ಮುಖಕ್ಕೆ ಹಚ್ಚಬೇಡಿ. ಏನೂ ಮಾಡದೆ ಬಿಟ್ಟರೂ ಮಕ್ಕಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿ ಹೋಗುತ್ತವೆ. ಕೇಳಿದವರು ತಲೆಯಾಡಿಸುತ್ತಾರೆ. ಡಾಕ್ಟರಿಗಿಂತ ಚೆಂದ ಹೇಳುತ್ತೀರಿ ಎಂದು ಕೆಲವರು ಹೊಗಳಿದ್ದೂ ಉಂಟು.

ಇಷ್ಟು ಚೆಂದ ಹೇಳುವ ನಾನು, ನನ್ನ ಒಬ್ಬಳೇ ಮಗಳ ಬಲಗೈಯಲ್ಲಿ ಏಳು ನರಹುಲಿ ಎದ್ದಾಗ ಹತ್ತು ತಿಂಗಳು ಮದ್ದು ಹಚ್ಚಲಿಲ್ಲ, ಹಚ್ಚಲು ಬಿಡಲೂ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಮರೆತು ಹಾಗೆ ಮಾಡಿದ್ದರೆ ಕ್ಷಮೆ ಇತ್ತು. ನಾನು ಮರೆಯಲಿಲ್ಲ. ಆ ಕೈ ನನಗೆ ಹಾಗೆಯೇ ಇರಬೇಕಾಗಿತ್ತು.

ಯಾಕೆ ಎಂದು ಹೇಳಬೇಕಾದರೆ ದಾರಿಯ ಸುದ್ದಿ ಹೇಳಬೇಕು. ನಮ್ಮ ಮನೆ ಇರುವುದು ಗಡಿನಾಡಿನ ಬೆಳ್ಳೂರು ಕಡೆಯ ಒಂದು ಇಳಿಜಾರಿನಲ್ಲಿ. ಅಪ್ಪ ತೀರಿದ ಮೇಲೆ ಪಾಲಾದಾಗ ರಸ್ತೆಗೆ ತಾಗಿದ ಮೇಲಿನ ಜಾಗ ಅಣ್ಣನಿಗೆ ಹೋಯಿತು, ಕೆಳಗಿನದು ನನಗೆ ಬಂತು. ಅಣ್ಣನ ಜಾಗದ ಅಂಚಿನಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಕಾಲುದಾರಿ. ನಾನೊಂದು ಹಳೆ ಕಾರು ಕೊಂಡ ಮೇಲೆ, ಅದನ್ನು ಮನೆಯ ಬಾಗಿಲಿಗೆ ತರಲು ಎಂಟು ಅಡಿ ದಾರಿ ಬಿಡು ಎಂದು ಅಣ್ಣನನ್ನು ಕೇಳಿದೆ.

"ನಡೆದು ಬಾ ಮಾರಾಯ" ಎಂದ. "ನಡೆಯಿರಿ, ಸಕ್ಕರೆ ಕಾಯಿಲೆ ಬರುದಿಲ್ಲ ಅಂತ ಊರಿಗೆಲ್ಲ ಹೇಳುದು ನೀನೇ ಅಲ್ವಾ?"

ಅವನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಮಳೆಯಲ್ಲಿ ಕೊಡೆ ಹಿಡಿದು, ಅಂಗಡಿಯ ಚೀಲ ಹೊತ್ತು, ಜಾರುವ ಕಲ್ಲಿನ ಮೇಲೆ ಇಳಿಯುವಾಗೆಲ್ಲ ಆ ನಗು ನನ್ನ ಕಿವಿಯಲ್ಲಿತ್ತು. ಮಾತಾಡಿ ಜಗಳ ಮಾಡುವ ಧೈರ್ಯ ನನಗಿಲ್ಲ. ನಾನು ಒಳಗೊಳಗೇ ಇಟ್ಟುಕೊಂಡು ಹುಳಿ ಬರಿಸುವ ಜಾತಿ.

ಆ ವರ್ಷ ಬೇಸಗೆಯಲ್ಲಿ ಅಣ್ಣ ಜೆಸಿಬಿ ತರಿಸಿ ಮೇಲಿನ ಜಾಗದ ಕಾಡುಗಿಡ ತೆಗೆಸಿ ರಬ್ಬರ್ ಇಟ್ಟ. ಜಾಗದ ಕೆಳತುದಿಯಲ್ಲಿ, ನನ್ನ ಗಡಿಗೆ ತಾಗಿ ನಮ್ಮ ಮನೆತನದ ನಾಗಬನ ಇತ್ತು. ನಾಲ್ಕು ಮರ, ಮೂರು ಕಲ್ಲು. ಮರಗಳು ಹೋದವು. ಕಲ್ಲುಗಳನ್ನು ಯಾರನ್ನೂ ಕೇಳದೆ ಎಬ್ಬಿಸಿ ಒಂದು ಮೂಲೆಗಿಟ್ಟು, "ಒಳ್ಳೆ ದಿನ ನೋಡಿ ಮತ್ತೆ ಪ್ರತಿಷ್ಠೆ ಮಾಡುವಾ" ಎಂದ; ಅಷ್ಟಕ್ಕೆ ಮರೆತ. ನನಗೆ ಬೇಸರವಾಯಿತೇ? ಸತ್ಯ ಹೇಳಬೇಕಲ್ಲ, ಆಗಲಿಲ್ಲ. ಅಲ್ಲಿ ದೀಪ ಇಡದೆ ನನಗೂ ವರ್ಷಗಳಾಗಿದ್ದವು.

ಜೂನಿನಲ್ಲಿ ಶಾಲೆ ಸುರುವಾದಾಗ ಮಗಳ ಹೆಬ್ಬೆರಳ ಉಗುರಿನ ಪಕ್ಕ ಒಂದು ಗುಳ್ಳೆ ಎದ್ದಿತು. ಆಗ ಅವಳು ನಾಲ್ಕನೇ ಕ್ಲಾಸು, ಉಗುರು ಕಚ್ಚುವ ಚಟ ಬೇರೆ. ನೋಡಿದ ಕೂಡಲೇ ಗೊತ್ತಾಯಿತು. ಅದೇ ಸಂಜೆ ಅಂಗಡಿಯಿಂದ ಬಾಟ್ಲಿ ತಂದೆ. ಹೆಂಡತಿ ಎರಡು ದಿನ ನಾನು ಹೇಳಿದ ಕ್ರಮದಲ್ಲೇ ನೀರಿನಲ್ಲಿ ನೆನೆಸಿ ಹಚ್ಚಿದಳು. ಮೂರನೇ ದಿನ ಸೋದರತ್ತೆ, ಎಂದರೆ ಅಪ್ಪನ ತಂಗಿ, ಪುತ್ತಿಗೆಯಿಂದ ಬಂದರು. ಚಾ ಕುಡಿಯುತ್ತ ಮಗಳ ಬೆರಳು ನೋಡಿದರು.

"ಎಂತ ಇದು ಮಗುವಿನ ಕೈಯಲ್ಲಿ? ನಾಗನ ಕಲ್ಲು ಎಬ್ಬಿಸಿದ ಮೇಲೆ ಬಂದದ್ದಾ? ಚರ್ಮದ ವಿಷಯ, ಜ್ಯೋತಿಷ್ಯರಿಂದ ಒಮ್ಮೆ ಪ್ರಶ್ನೆ ಇಡಿಸಿ ನೋಡುದು ಒಳ್ಳೇದು."

ಅತ್ತೆ ಹಾಗೆಂದು ಬಿಸ್ಕೂಟು ಚಾದಲ್ಲಿ ಅದ್ದಿದರು. ಅವರಿಗೆ ಅದು ಮಾತಿಗೊಂದು ಮಾತು. ನಮ್ಮ ಕಡೆ ಚರ್ಮದಲ್ಲಿ ಏನೇ ಎದ್ದರೂ ಮೊದಲು ನಾಗನ ನೆನಪಾಗುವುದು, ಡಾಕ್ಟರರ ನೆನಪು ಆಮೇಲೆ. ನನಗೆ ಮಾತ್ರ ತಲೆಯೊಳಗೆ ಒಂದು ನಕ್ಷೆಯೇ ಬಿಡಿಸಿಕೊಂಡಿತು. ನಾಗನನ್ನು ಪುನಃ ಪ್ರತಿಷ್ಠೆ ಮಾಡಬೇಕಾದರೆ ಹಳೆ ಜಾಗದಲ್ಲೇ ಮಾಡಬೇಕು. ಅಲ್ಲಿಗೆ ಕುಟುಂಬದವರು ಬರಬೇಕಾದರೆ ರಸ್ತೆಯಿಂದ ಸರಿಯಾದ ದಾರಿ ಬೇಕು. ಆ ದಾರಿ ಬಂದು ಮುಟ್ಟುವುದು ನನ್ನ ಗಡಿಗೆ. ಆಮೇಲೆ ಅದರಲ್ಲಿ ಕಾರು ಬಂದರೆ ಬೇಡ ಎನ್ನುವವರು ಯಾರು? ತಮ್ಮನಿಗೆ ಕೊಡದ ಅಣ್ಣ ನಾಗನಿಗೆ ಕೊಡಲೇಬೇಕು. ಅವನ ದೌರ್ಬಲ್ಯ ನನಗೆ ಗೊತ್ತಿತ್ತು. ಅವನು ಮೀಸೆ ತಿರುವುವ ಧೈರ್ಯವಂತ, ಪಂಚಾಯತಿಗೆ ಹೆದರುವವನಲ್ಲ, ಆದರೆ ಹಾವಿನ ಪೊರೆ ಕಂಡರೂ ಕೈ ಮುಗಿಯುತ್ತಾನೆ.

ಅತ್ತೆ ಹೋದ ಮೇಲೆ ಹೆಂಡತಿ ಬಿಸಿನೀರು ತಂದಳು. ಇವತ್ತು ಬೇಡ ಎಂದೆ.

"ಯಾಕೆ?"

"ಒಮ್ಮೆ ಪ್ರಶ್ನೆ ಆಗಲಿ. ಅಲ್ಲಿವರೆಗೆ ಹಾಗೇ ಇರಲಿ."

ಅವಳಿಗೆ ಅರ್ಥವಾಗಲು ಎರಡು ದಿನವೂ ಬೇಕಾಗಲಿಲ್ಲ. "ನಿಮಗೆ ತಲೆ ಸರಿ ಉಂಟಾ? ನಿಮ್ಮ ದಾರಿಗೆ ಮಗುವಿನ ಕೈ ಯಾಕೆ?" ಎಂದು ಮಗಳ ಎದುರಿಗೇ ಕೇಳಿದಳು. ನಾನು ಕೂಗಾಡಿದೆ. ಅವಳು ಹಠ ಹಿಡಿದು ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು, ನೋವಿಲ್ಲದಿದ್ದರೆ ಅವಸರವಿಲ್ಲ, ಬೇಕಾದರೆ ಮದ್ದು ಹಚ್ಚಿ, ಇಲ್ಲದಿದ್ದರೂ ಕಾಲಕ್ರಮದಲ್ಲಿ ಹೋಗುತ್ತದೆ ಎಂದರಂತೆ. ನನಗೆ ಅಷ್ಟೇ ಸಾಕಾಯಿತು. ಡಾಕ್ಟರೇ ಅವಸರ ಇಲ್ಲ ಅಂದಿದ್ದಾರಲ್ಲ, ಎಂದು ಹೆಂಡತಿಯ ಬಾಯಿ ಮುಚ್ಚಿಸಿದೆ. ಸತ್ಯವನ್ನೇ ಹೇಳಿ ಸುಳ್ಳು ನಡೆಸುವುದು ಎಷ್ಟು ಸುಲಭ! ಕಾಯುವುದರಲ್ಲಿ ತಪ್ಪಿರಲಿಲ್ಲ, ಎಷ್ಟೋ ತಂದೆತಾಯಂದಿರು ಕಾಯುತ್ತಾರೆ. ಅವರು ಹೋಗಲಿ ಎಂದು ಕಾಯುತ್ತಾರೆ. ನಾನು ಹೆಚ್ಚಲಿ ಎಂದು ಕಾಯುತ್ತಿದ್ದೆ. ಬಾಟ್ಲಿಯನ್ನು ಪುನಃ ಅಂಗಡಿಗೆ ಕೊಂಡುಹೋದೆ.

ಹೆಚ್ಚಿತು. ಓಣಂ ರಜೆಯ ಹೊತ್ತಿಗೆ ಮೂರು, ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಏಳು. ಹೆಬ್ಬೆರಳಲ್ಲಿ ಎರಡು, ತೋರುಬೆರಳ ಗೆಣ್ಣಿನಲ್ಲಿ ಒಂದು, ಉಳಿದವು ಕೈಯ ಮೇಲ್ಭಾಗದಲ್ಲಿ. ಒರಟಾಗಿ, ಹೂಕೋಸಿನ ಚೂರು ಅಂಟಿಸಿದ ಹಾಗೆ. ನಾನು ಅವಳನ್ನು ಮದುವೆಗೆ, ಗೃಹಪ್ರವೇಶಕ್ಕೆ, ಸತ್ಯನಾರಾಯಣ ಪೂಜೆಗೆ, ಎಲ್ಲೆಲ್ಲಿ ಕುಟುಂಬದವರು ಸೇರುತ್ತಾರೋ ಅಲ್ಲಿಗೆಲ್ಲ ಕರೆದುಕೊಂಡು ಹೋದೆ. "ಕೈ ತೋರಿಸು ಮಗಾ" ಎನ್ನುವುದು, ಅವಳು ತೋರಿಸುವುದು, ಹೆಂಗಸರು ತ್ಚು ತ್ಚು ಎನ್ನುವುದು. ನಾನು ಅಣ್ಣನ ಹೆಸರು ಎತ್ತುತ್ತಿರಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. "ಪಾಪ, ದೊಡ್ಡಪ್ಪ ಮಾಡಿದ್ದು ಮಗುವಿಗೆ ಬಂತು" ಎಂದು ಅವರೇ ಹೇಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವರು ಮರುಗುತ್ತಿದ್ದರೆ, ಬರೆ ಎಳೆಯುತ್ತಿದ್ದವನು ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದ. ಆಮೇಲಾಮೇಲೆ ಮನೆಗೆ ಯಾರು ಬಂದರೂ, ಮೀನಿನವನು ಬಂದರೂ, ಮಗಳ ಬಲಗೈ ತಾನಾಗಿ ಮುಂದೆ ಬರುತ್ತಿತ್ತು.

ಶಾಲೆಯಲ್ಲಿ ಅದೇ ಕೈ ಬೆನ್ನ ಹಿಂದೆ ಹೋಗುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಅವಳ ಪಕ್ಕ ಕೂರಲು ಮಕ್ಕಳು ಒಪ್ಪುತ್ತಿರಲಿಲ್ಲ. ಅವಳಿಗೆ ಚಮಚ ಕೊಟ್ಟು ಕಳಿಸುತ್ತಿದ್ದೆವು. ವೃತ್ತ ನಿಂತು ಕೈ ಹಿಡಿಯುವ ಆಟದಲ್ಲಿ ಅವಳ ಬಲಕ್ಕೆ ನಿಲ್ಲುವವರಿಲ್ಲದೆ ಆಟವೇ ನಿಂತಿತೆಂದು ಅವಳ ಟೀಚರು ನನಗೆ ಫೋನು ಮಾಡಿದರು. "ನಿಮ್ಮದೇ ಮೆಡಿಕಲ್ ಅಲ್ವಾ ಸಾರ್, ಎಂತಾದರೂ ಮಾಡಿ, ಮಗು ಈಗ ಯಾರ ಹತ್ತಿರವೂ ಮಾತಾಡುದಿಲ್ಲ" ಎಂದರು. ಮಾಡುತ್ತಿದ್ದೇವೆ ಟೀಚರ್, ಟೈಮ್ ಹಿಡಿಯುತ್ತದೆ ಎಂದೆ. ಫೋನು ಇಟ್ಟ ಮೇಲೆ ಹತ್ತು ನಿಮಿಷದೊಳಗೆ ಒಬ್ಬ ತಾಯಿ ತನ್ನ ಮಗನ ಮೊಣಕಾಲಿನ ನರಹುಲಿಗೆ ಮದ್ದು ಕೇಳಿ ಬಂದಳು. ಅವಳಿಗೆ ಎಲ್ಲವನ್ನೂ ಚೆನ್ನಾಗಿ ವಿವರಿಸಿದೆ.

ಫೆಬ್ರವರಿಯಲ್ಲಿ ಪ್ರಶ್ನೆ ಇಟ್ಟೆವು. ತೆಂಕಿನಿಂದ ಬಂದ ಜ್ಯೋತಿಷ್ಯರು, ವಯಸ್ಸಾದವರು, ನಿಧಾನದ ಮನುಷ್ಯ. ನನ್ನ ಮನೆಯ ಜಗಲಿಯಲ್ಲಿ ದೀಪ ಹಚ್ಚಿ, ಮಣೆಯ ಮೇಲೆ ರಾಶಿ ಬರೆದು ಕವಡೆ ಮಡಗಿದರು. ಎದುರು ಅಣ್ಣ, ಅತ್ತೆ, ಕುಟುಂಬದ ಹತ್ತು ಹನ್ನೆರಡು ಮಂದಿ. ಮಗಳು ನನ್ನ ಪಕ್ಕ. ಅವರು ಅವಳ ಕೈಯನ್ನು ದೀಪದ ಹತ್ತಿರ ಹಿಡಿದು ನೋಡಿದರು. ಮೊದಲು ಕೇಳಿದ್ದು ನಾನು ಎಣಿಸದ ಮಾತು:

"ಮದ್ದು ಮಾಡಿ ನೋಡಿದ್ದೀರಾ?"

"ಮಾಡಿದ್ದೇವೆ" ಎಂದೆ. "ನನ್ನದೇ ಅಂಗಡಿ ಅಲ್ವಾ, ಇದ್ದದ್ದೆಲ್ಲ ಹಚ್ಚಿ ಆಯಿತು. ಹೋಗುದಿಲ್ಲ."

ಮದ್ದಿನವನೇ ಮದ್ದು ನಾಟುವುದಿಲ್ಲ ಎಂದ ಮೇಲೆ ಸಾಕ್ಷಿ ಇನ್ನೇನು ಬೇಕು? ಎಲ್ಲರೂ ಅಣ್ಣನ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. ಒಂಬತ್ತು ವರ್ಷದ ಹುಡುಗಿ, ಅವಳ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ಬಿಡಿಸುವಾಗಿನ ಹಾಗೆ ನೋಡುತ್ತಿದ್ದಳು. ಉರಿಯುವ ದೀಪದ ಎದುರು ನಾನು ಸುಳ್ಳು ಹೇಳಿದ್ದಕ್ಕೆ ಅವಳೂ ಅವಳಮ್ಮನೂ ಸಾಕ್ಷಿ. ಹೆಂಡತಿ ಒಳಗೆದ್ದು ಹೋಗಿ ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕಿದಳು.

ಬನದ ಜಾಗ ಕದಲಿದ್ದು ಒಳ್ಳೆಯದಾಗಿಲ್ಲ, ಅದನ್ನು ಸರಿಮಾಡಿ ಎಂದರು ಜ್ಯೋತಿಷ್ಯರು. ಮಗುವಿನ ಔಷಧಿಯನ್ನೂ ಬಿಡಬೇಡಿ ಎಂದು ಸೇರಿಸಿದರು. ಆ ಎರಡನೇ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಣ್ಣ ಎದ್ದು, ಟವೆಲಿನಿಂದ ಮುಖ ಒರೆಸಿಕೊಂಡು, "ನನ್ನಿಂದ ಮಗುವಿಗೆ ಹೀಗಾದದ್ದಾದರೆ ಕೊಡುತ್ತೇನೆ. ವಿಷುವಿನ ಮೊದಲು ಸರ್ವೆಯವರನ್ನು ಕರೆಸಿ ಅಳೆಯಿಸುವಾ. ಬನಕ್ಕೆ ಮೂರು ಸೆಂಟ್ಸು, ಎಂಟು ಅಡಿ ದಾರಿ" ಎಂದ. ಆ ದಿನ ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಮಗಳ ತಲೆ ಬಾಚುತ್ತಿದ್ದವಳು ನನ್ನನ್ನು ಕೂಗಿದಳು. ಸ್ವರದಲ್ಲಿ ಎಷ್ಟೋ ತಿಂಗಳ ನಂತರ ಖುಷಿ ಇತ್ತು. "ಇಲ್ಲಿ ನೋಡಿ, ಕೈ ನೋಡಿ ಇವಳದ್ದು!" ಗುಳ್ಳೆಗಳು ಚಪ್ಪಟೆಯಾಗಿದ್ದವು. ಎರಡು ಮಾಯವಾಗಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ನಾನು ಅಂಗಡಿಯಲ್ಲಿ ಊರವರಿಗೆಲ್ಲ ಹೇಳುವ ಹಾಗೆಯೇ, ದೇಹ ವೈರಸ್ಸನ್ನು ಗುರುತು ಹಿಡಿದು ತಾನಾಗಿ ಓಡಿಸತೊಡಗಿತ್ತು. ಇನ್ನೊಂದು ವಾರದಲ್ಲಿ ಕೈ ಪೂರಾ ಸ್ವಚ್ಛವಾಗುವುದು ಖಂಡಿತ.

ನನ್ನ ಬಾಯಿಂದ ಬಂದ ಮಾತು ಇದು: "ಛೆ! ಇನ್ನು ಎರಡು ವಾರ ಇದ್ದಿದ್ದರೆ ಎಂತ ಆಗುತ್ತಿತ್ತು? ಈಗ ಅಣ್ಣ ನೋಡಿದರೆ ಮಾತು ತಿರುಗಿಸುತ್ತಾನೆ."

ಹೆಂಡತಿ ಬಾಚಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಮಗಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮಗಳ ಕೈ ವಾಸಿಯಾದದ್ದಕ್ಕೆ ಬೇಸರಪಟ್ಟ ಅಪ್ಪ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಅಷ್ಟು ಸಾಲದೆಂದು, ಸರ್ವೆ ಮುಗಿಯುವವರೆಗೆ ದೊಡ್ಡಪ್ಪನ ಮನೆ ಕಡೆ ಆಡಲು ಹೋಗಬೇಡ ಎಂದು ತಾಕೀತು ಮಾಡಿದೆ. ರಜೆಯಲ್ಲಿ ಅವಳ ಜೊತೆ ಆಡುತ್ತಿದ್ದವರು ಅಣ್ಣನ ಮಕ್ಕಳು ಮಾತ್ರ. ಅವರು ಅವಳ ಕೈಗೆ ಹೆದರಿದವರಲ್ಲ. ಎರಡು ವಾರ ಅವಳು ಗಡಿಯ ಹತ್ತಿರದ ಗೇರುಮರದ ಕೆಳಗೆ ಒಬ್ಬಳೇ ಕೂತು ಬೀಜ ಹೆಕ್ಕಿದಳು.

ಹಸಿ ಗೇರುಬೀಜದ ಸಿಪ್ಪೆಯಲ್ಲಿ ಎಂತ ಸೊನೆ ಇದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಮುಟ್ಟಬೇಡ ಎಂದು ನಾವೇ ಹೇಳಿ ಬೆಳೆಸುತ್ತೇವೆ.

ಸರ್ವೆಯ ದಿನ ಬೆಳಿಗ್ಗೆ ಸರ್ವೆಯವರು ಟೇಪು ಹಿಡಿದು ಬಂದರು. ಅಣ್ಣ ಬಂದ, ಅತ್ತೆ ಬಂದರು, ನೆರೆಯವರು ನಾಲ್ಕು ಮಂದಿ ನಿಂತರು. ಮಗಳು ಎದ್ದು ಹೊರಗೆ ಬರದಿದ್ದರೆ ಸಾಕು ಎಂದು ನಾನು ಪ್ರಾರ್ಥಿಸುತ್ತಿದ್ದೆ. ಹಿಂದಿನ ಸಂಜೆಯಿಂದ ಅವಳು ಊಟವನ್ನೂ ಸರಿಯಾಗಿ ಮಾಡದೆ ಹೊದ್ದು ಮಲಗಿದ್ದಳು. ಜ್ವರ ಇರಬೇಕು ಎಂದುಕೊಂಡಿದ್ದೆವು. ಅವಳು ಬಂದಳು. ನೇರ ದೊಡ್ಡಪ್ಪನ ಎದುರು ನಿಂತು, ನಾನು ಕಲಿಸಿದ ಹಾಗೆ ಬಲಗೈ ಮುಂದೆ ಚಾಚಿದಳು.

ಕೈ ಬಾತಿತ್ತು. ಏಳು ಕಡೆ ಚರ್ಮ ಕಪ್ಪಾಗಿ, ನೀರು ತುಂಬಿ ಎದ್ದಿತ್ತು. ಎಲ್ಲೆಲ್ಲಿ ನರಹುಲಿ ಇತ್ತೋ ಅಲ್ಲಲ್ಲೇ, ಒಂದೂ ತಪ್ಪಿಲ್ಲ. ಸೊನೆ ಹರಿದು ಮಣಿಕಟ್ಟಿನವರೆಗೂ ಸುಟ್ಟಿತ್ತು.

ಅಣ್ಣ ಕುಕ್ಕರಗಾಲಿನಲ್ಲಿ ಕೂತು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಗೇರು ಹೆಕ್ಕಿ ಬೆಳೆದವನು ಅವನು. ಅವಳ ಎಡಗೈಯ ಉಗುರಿನ ಕಂದು ಕಲೆಯನ್ನೂ ನೋಡಿದ.

"ಇದು ಗೇರಿನ ಸೊನೆ. ಯಾರು ಮಗಾ ಹಚ್ಚಿದ್ದು?"

"ನಾನೇ."

"ಎಂತಕ್ಕೆ?"

"ಅದು ಹೋಗಿಬಿಟ್ಟಿತ್ತು ದೊಡ್ಡಪ್ಪ" ಎಂದಳು. ಹೇಳಿ ನನ್ನ ಕಡೆ ನೋಡಿದಳು, ಸರಿಯಾಗಿ ಹೇಳಿದೆನಾ ಎಂಬ ಹಾಗೆ.

ಅಣ್ಣ ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ನಾನು ಇವತ್ತು ಅವನಿಗೆ ಕೈ ಮುಗಿಯುತ್ತಿದ್ದೆ. ಅವನು ಹೊಡೆಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಸರ್ವೆಯವರಿಗೆ "ಎಂಟು ಬೇಡ ಸಾರ್, ಹತ್ತು ಅಡಿ ಹಾಕಿ. ಇವನಿಗೆ ಬೇಕಾದಷ್ಟು ಹಾಕಿ" ಎಂದ. ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತನ್ನ ರಬ್ಬರ್ ಸಸಿಗಳ ನಡುವೆಯೇ ರಸ್ತೆಯ ಕಡೆ ಏರತೊಡಗಿದ. ಹೆಂಡತಿ ಚಪ್ಪಲಿ ಹಾಕದೆ ಅವನ ಹಿಂದೆ ಓಡಿದಳು. ನಾನು ಕಾರಿನ ಕೀ ಹುಡುಕುತ್ತ ಹಿಂದೆ ಉಳಿದೆ.

ಆ ದಾರಿಗೆ ಈಗ ಕಾಂಕ್ರೀಟು ಬಿದ್ದಿದೆ. ನಾಗನ ಕಲ್ಲುಗಳಿಗೂ ಪ್ರತಿಷ್ಠೆಯಾಯಿತು. ಮಗಳು ಎಂಟನೇ ಕ್ಲಾಸು. ಸುಟ್ಟ ಕಲೆ ಬಲಗೈಯಲ್ಲಿ ಹಾಗೆಯೇ ಇದೆ, ಅದನ್ನು ತೆಗೆಯುವ ಮದ್ದು ನನ್ನ ಅಂಗಡಿಯಲ್ಲಿಲ್ಲ. ಅಣ್ಣ ನನ್ನ ಹತ್ತಿರ ಮಾತಾಡುತ್ತಾನೆ, ಬೇಕಾದಷ್ಟೇ. ಹೆಂಡತಿಯೂ ಅಷ್ಟೇ. ಮಗಳು ಮಾತ್ರ ಆ ವಿಷಯದಲ್ಲಿ ಇವತ್ತಿನವರೆಗೆ ನನ್ನ ಮೇಲೆ ಒಂದು ಮಾತು ಎತ್ತಿಲ್ಲ. ನನ್ನನ್ನು ಅದು ತಿನ್ನುವಷ್ಟು ಬೇರೆ ಯಾವುದೂ ತಿನ್ನುವುದಿಲ್ಲ. ಅವಳು ಸಿಟ್ಟು ಮಾಡಿದ್ದರೆ ನನಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತಿತ್ತು.

ಆ ದಿನ ಆಸ್ಪತ್ರೆಗೆ ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವಳು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು, ಕೈಗೆ ಒದ್ದೆ ಬಟ್ಟೆ. ನೋವಿಗೆ ಹಲ್ಲು ಕಚ್ಚಿ ಅಳುತ್ತಿದ್ದಳು, ಸದ್ದಿಲ್ಲದೆ. ಮುಳ್ಳೇರಿಯ ದಾಟುವಾಗ ನನ್ನನ್ನು ಕರೆದಳು.

"ಅಪ್ಪ, ದಾರಿ ಸಿಕ್ಕಿತಾ?"

ನಾನು ರಸ್ತೆಯನ್ನೇ ನೋಡುತ್ತ ಓಡಿಸಿದೆ. ಅವಳು ಇನ್ನೊಮ್ಮೆ ಕೇಳಿದಳು. ಸಿಕ್ಕಿತು ಎಂದೆ.

"ಹಾಗಾದರೆ ಇನ್ನು ನನಗೆ ಮದ್ದು ಹಚ್ಚಬಹುದಲ್ಲ?" ಎಂದಳು.